ತೂಕ ಇಳಿಸುವ ಮಾತ್ರೆ: ಮೊದಲು ಅಂಗಡಿಯಿಂದ ಇಳಿಸಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ನಾಲ್ಕು ಊರುಗಳಲ್ಲಿ ತೂಕ ಇಳಿಸುವ ಮಾತ್ರೆ ಬೇಕೆಂದು ಹೊರಟವರು ಬರಿಗೈಯಲ್ಲಿ ಮನೆಗೆ ಮರಳಬೇಕಾಗಿಲ್ಲ. ಅಂಗಡಿಯಲ್ಲಿ ಸಿಗದಿದ್ದರೆ ಫೋನಿನಲ್ಲಿ ಸಿಗುತ್ತದೆ, ಕೊರಿಯರ್ ಹುಡುಗ ಬಾಗಿಲಿಗೇ ತಂದು ಕೊಡುತ್ತಾನೆ. ವೈದ್ಯರ ಚೀಟಿ ಬೇಕಿಲ್ಲ, ರಕ್ತಪರೀಕ್ಷೆ ಬೇಕಿಲ್ಲ, ಬಿಪಿ ಇದೆಯೇ, ಥೈರಾಯ್ಡ್ ಇದೆಯೇ ಎಂದು ಕೇಳುವವರೂ ಇಲ್ಲ. ‘ಏನಿಲ್ಲ ಅಕ್ಕಾ, ಬರೀ ಗಿಡಮೂಲಿಕೆ, ಸೈಡ್ ಎಫೆಕ್ಟೇ ಇಲ್ಲ’ ಎಂಬ ಒಂದು ಮಾತಿನಲ್ಲಿ ವ್ಯಾಪಾರ ಮುಗಿಯುತ್ತದೆ.

ಈ ಮಾತ್ರೆಗಳ ಬಗ್ಗೆ ಕೊಡಬೇಕಾದ ತೀರ್ಪು ಮೂರೇ ಸಾಲಿನದು. ನಿಜಕ್ಕೂ ಕೆಲಸ ಮಾಡುವ ಔಷಧಿ ಚೀಟಿ ಇಲ್ಲದೆ ಸಿಗಬಾರದು. ಚೀಟಿ ಇಲ್ಲದೆ ಸಿಗುವುದು ಕೆಲಸ ಮಾಡುವುದಿಲ್ಲ. ಚೀಟಿಯೂ ಬೇಡ, ತೂಕವೂ ಸರಸರನೆ ಇಳಿಯಿತು ಎಂದಾದರೆ ಡಬ್ಬಿಯ ಮೇಲೆ ಹೆಸರು ಬರೆಯದ ಯಾವುದೋ ವಸ್ತು ಡಬ್ಬಿಯ ಒಳಗಿದೆ ಎಂದೇ ಅನುಮಾನಿಸಬೇಕು. ಅಗ್ಗದ, ಅಪಾಯವಿಲ್ಲದ, ಕೇಳಿದ ಕೂಡಲೇ ಸಿಗುವ, ಕೊಬ್ಬು ಕರಗಿಸುವ ಮಾತ್ರೆ ಎಂಬುದು ಜಗತ್ತಿನ ಯಾವ ಅಂಗಡಿಯಲ್ಲೂ ಇಲ್ಲ. ದುರ್ಗದ ಅಂಗಡಿಯಲ್ಲೂ ಇಲ್ಲ.

ಡಬ್ಬಿಯನ್ನೇ ಒಮ್ಮೆ ಕೈಗೆತ್ತಿಕೊಂಡು ನೋಡಿ. ಮುಂಭಾಗದಲ್ಲಿ ಸಣ್ಣ ಸೊಂಟ, ಅದಕ್ಕೆ ಸುತ್ತಿದ ಅಳತೆ ಟೇಪು, ಪಕ್ಕದಲ್ಲಿ ಹಸಿರು ಎಲೆ. ಕೊಬ್ಬು ಕರಗುತ್ತದೆ, ಹಸಿವು ಅಡಗುತ್ತದೆ, ಎಲ್ಲವೂ ನೈಸರ್ಗಿಕ ಎಂಬ ದಪ್ಪ ಅಕ್ಷರಗಳು. ಡಬ್ಬಿ ತಿರುಗಿಸಿದರೆ ರಾಗಿ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ಇದು ಔಷಧೀಯ ಬಳಕೆಗೆ ಅಲ್ಲ. ಮುದ್ರಿಸಿದವರು ಪ್ರಾಮಾಣಿಕರೆಂದು ಆ ಸಾಲು ಅಲ್ಲಿಲ್ಲ. ಪೂರಕ ಆಹಾರಗಳ ಮೇಲೆ ಹಾಗೆ ಬರೆಯಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಾವಳಿ ಹೇಳಿದ್ದರಿಂದ ಇದೆ. ಎದೆಯ ಮೇಲೆ ಮದ್ದು ಎಂದು ಸಾರಿ ಬೆನ್ನ ಮೇಲೆ ಮದ್ದಲ್ಲ ಎಂದು ಒಪ್ಪಿಕೊಳ್ಳುವ ಸರಕು ಇದು. ಗ್ರಾಹಕರು ಎದೆ ನೋಡಿ ದುಡ್ಡು ಕೊಡುತ್ತಾರೆ, ವ್ಯಾಜ್ಯ ಬಂದ ದಿನ ಕಂಪನಿಯ ವಕೀಲರು ಬೆನ್ನು ತೋರಿಸುತ್ತಾರೆ.

ಅಲ್ಲೇ ಕೆಳಗೆ 14 ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ತೋರಿಸಿ ‘ಸರ್ಕಾರವೇ ಒಪ್ಪಿದೆ’ ಎನ್ನುವವರಿದ್ದಾರೆ. ತಯಾರಿಸಿದವರು ಯಾರು, ತಪ್ಪಾದರೆ ಎಲ್ಲಿ ಹಿಡಿಯಬೇಕು ಎಂಬುದನ್ನು ಆ ಸಂಖ್ಯೆ ಹೇಳುತ್ತದೆಯೇ ಹೊರತು, ಒಳಗಿನ ಮಾತ್ರೆ ಕೆಲಸ ಮಾಡುತ್ತದೆ ಎಂದು ಹೇಳುವುದಿಲ್ಲ. ಹೋಟೆಲಿನ ಗೋಡೆಯ ಮೇಲೂ ಅಂಥದೇ ಸಂಖ್ಯೆ ತೂಗುತ್ತದೆ. ಅದನ್ನು ನೋಡಿ ಆ ಹೋಟೆಲಿನ ದೋಸೆ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಯಾರೂ ನಂಬುವುದಿಲ್ಲ.

ಈ ವ್ಯಾಪಾರಕ್ಕೆ ಗಿರಾಕಿಗಳು ಎಲ್ಲಿಂದ ಬರುತ್ತಾರೆ ಎಂಬುದು ಗುಟ್ಟಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಶೇ 30ರಷ್ಟು, ಪುರುಷರಲ್ಲೂ ಸುಮಾರು ಅಷ್ಟೇ ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ ರಾಜ್ಯದ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆಯೂ ಇದೆ. ಮೈ ತುಂಬಿದೆ, ರಕ್ತ ಇಲ್ಲ. ಇಂಥ ದೇಹಕ್ಕೆ ಹಸಿವು ಕೊಲ್ಲುವ ಮಾತ್ರೆ ನುಂಗಿಸುವುದು ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ. ಎರಡನೇ ಹೆರಿಗೆಯ ಬಳಿಕ ಹಳೆಯ ರವಿಕೆ ಹಿಡಿಸದ ತಾಯಿ, ಮದುವೆ ಗೊತ್ತಾದ ಹುಡುಗಿ, ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುವ ಹುಡುಗ, ಇವರ ಸಂಕೋಚವೇ ಈ ಉದ್ಯಮದ ಬಂಡವಾಳ. ಆ ಸಂಕೋಚ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ರಾಜ್ಯ 2022ರ ಮೇ ತಿಂಗಳಲ್ಲಿ ಕಂಡಿದೆ. 21 ವರ್ಷದ ಕಿರುತೆರೆ ನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬೆನ್ನಿಗೇ ತೀರಿಕೊಂಡರು. ಅದು ಕತ್ತರಿಯ ದಾರಿ, ಇದು ಮಾತ್ರೆಯ ದಾರಿ. ಎರಡಕ್ಕೂ ನೂಕುವ ಕೈ ಒಂದೇ.

ಮಾತ್ರೆಯ ಹಿಂದೆ ಸಂಶೋಧನೆ ಇದೆ ಎನ್ನುತ್ತಾರಲ್ಲ, ಆ ಸಂಶೋಧನೆ ಹೇಗಿರುತ್ತದೆ ಎಂದು ತಿಳಿಯಲು ನಮ್ಮ ರಾಜ್ಯದಾಚೆ ಹೋಗಬೇಕಿಲ್ಲ. ಹುರಿಯದ ಕಾಫಿ ಬೀಜದ ಸಾರ, ಅಂದರೆ ಗ್ರೀನ್ ಕಾಫಿ, ತೂಕ ಇಳಿಸುತ್ತದೆಂದು ಇಡೀ ಲೋಕವನ್ನು ನಂಬಿಸಿದ ಅಧ್ಯಯನ ನಡೆದದ್ದು ಬೆಂಗಳೂರಿನಲ್ಲಿ. ಅಮೆರಿಕದ ಅಪ್ಲೈಡ್ ಫುಡ್ ಸೈನ್ಸಸ್ ಎಂಬ ಕಂಪನಿ ಅದಕ್ಕೆ ಹಣ ಕೊಟ್ಟಿತ್ತು. ಪ್ರಯೋಗಕ್ಕೆ ಒಳಗಾದವರು ಒಟ್ಟು 16 ಮಂದಿ. 2012ರ ಜನವರಿಯಲ್ಲಿ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಅದು ಅಚ್ಚಾಯಿತು. 22 ವಾರಗಳಲ್ಲಿ ಸರಾಸರಿ 8 ಕಿಲೋ ಇಳಿಯಿತು ಎಂಬುದು ಅದರ ಘೋಷಣೆ. ಅದೇ ವರ್ಷ ಅಮೆರಿಕದ ಜನಪ್ರಿಯ ಟಿವಿ ವೈದ್ಯ ಡಾ. ಓಜ್ ತಮ್ಮ ಕಾರ್ಯಕ್ರಮದಲ್ಲಿ ಗ್ರೀನ್ ಕಾಫಿಯನ್ನು ಹಾಡಿ ಹೊಗಳಿದರು. ಡಬ್ಬಿಗಳು ಬಿಸಿ ಬಜ್ಜಿಯಂತೆ ಖರ್ಚಾದವು.

ಆಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಡತ ತೆರೆಯಿತು. 2014ರ ಸೆಪ್ಟೆಂಬರ್‌ನಲ್ಲಿ ಅದು ಹೊರಿಸಿದ ಆರೋಪಪಟ್ಟಿ ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಪ್ರಯೋಗ ನಡೆಸಿದ ಮುಖ್ಯ ಸಂಶೋಧಕ ಜನರ ತೂಕದ ಅಂಕಿಗಳನ್ನು ಮತ್ತೆ ಮತ್ತೆ ಬದಲಿಸಿದ್ದ. ಪ್ರಯೋಗ ಎಷ್ಟು ವಾರ ನಡೆಯಿತು ಎಂಬುದನ್ನೇ ತಿದ್ದಿದ್ದ. ನಿಜವಾದ ಮಾತ್ರೆ ನುಂಗಿದವರು ಯಾರು, ಹುಸಿ ಮಾತ್ರೆ ನುಂಗಿದವರು ಯಾರು ಎಂಬುದನ್ನೂ ತಪ್ಪಾಗಿ ಬರೆದಿದ್ದ. ಆ ಬರಹವನ್ನು ಯಾರೂ ಅಚ್ಚುಹಾಕದಿದ್ದಾಗ ಕಂಪನಿ ಪೆನ್ಸಿಲ್ವೇನಿಯಾದ ವಿಶ್ವವಿದ್ಯಾಲಯವೊಂದರ ಇಬ್ಬರಿಂದ ತಿದ್ದಿ ಬರೆಸಿತು. ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೂ ಅವರು ಪರಿಶೀಲಿಸಲಿಲ್ಲ. ಕಂಪನಿ 35 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ₹20 ಕೋಟಿಗೂ ಮೀರಿದ ಮೊತ್ತ ತೆತ್ತು ರಾಜಿ ಮಾಡಿಕೊಂಡಿತು. ಮರುತಿಂಗಳೇ ಲೇಖಕರು ಅಧ್ಯಯನವನ್ನು ಹಿಂತೆಗೆದುಕೊಂಡರು.

ಅಧ್ಯಯನ ಸತ್ತಿತು, ಸರಕು ಸಾಯಲಿಲ್ಲ. ಗ್ರೀನ್ ಕಾಫಿ ಕ್ಯಾಪ್ಸೂಲು, ಪುಡಿ, ಪೊಟ್ಟಣ ಇಂದಿಗೂ ನಮ್ಮ ಮಾರುಕಟ್ಟೆಯಲ್ಲಿವೆ. ಅಮೆರಿಕ ದಂಡ ಹಾಕಿ ಮುಗಿಸಿದ ಸುಳ್ಳನ್ನು ನಾವು ಇನ್ನೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ. ಆ ಸುಳ್ಳು ಹುಟ್ಟಿದ್ದು ನಮ್ಮ ರಾಜಧಾನಿಯಲ್ಲಿ ಎಂಬುದು ನಮಗೇ ಗೊತ್ತಿಲ್ಲ.

ಮತ್ತೊಂದು ಸರಕು ನಮ್ಮ ಅಡುಗೆಮನೆಯದೇ. ಉಪ್ಪಾಗೆ. ಪಶ್ಚಿಮಘಟ್ಟದವರು ಸಿಪ್ಪೆ ಒಣಗಿಸಿ ಸಾರಿಗೆ, ಮೀನಿನ ಪಲ್ಯಕ್ಕೆ ಹುಳಿಯಾಗಿ ಬಳಸುವ ಹಣ್ಣು. ಕೊಡಗಿನವರ ಕಾಚಂಪುಳಿಯೂ ಇದರದ್ದೇ. ‘ಗಾರ್ಸೀನಿಯಾ’ ಎಂಬ ಇಂಗ್ಲಿಷ್ ಅಂಗಿ ತೊಡಿಸಿ, ಅದರ ಹುಳಿಯನ್ನು ಕ್ಯಾಪ್ಸೂಲಿಗೆ ತುಂಬಿ, ಕಾಡಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿಗೆ ನಮಗೇ ಮಾರುತ್ತಾರೆ. ಇಲಿಗಳಲ್ಲಿ ಅದು ಕೊಬ್ಬಿನ ತಯಾರಿಯನ್ನು ತಗ್ಗಿಸಿದ್ದು ನಿಜ. ಮನುಷ್ಯರಲ್ಲಿ? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 135 ಮಂದಿಗೆ 12 ವಾರ ಕೊಟ್ಟು ನೋಡಿದರು. ಉಪ್ಪಾಗೆ ಸಾರ ತಿಂದವರು 3.2 ಕಿಲೋ ಇಳಿದರು, ಏನೂ ಇಲ್ಲದ ಹುಸಿ ಮಾತ್ರೆ ತಿಂದವರು 4.1 ಕಿಲೋ ಇಳಿದರು. ಇಬ್ಬರೂ ಪಥ್ಯದಲ್ಲಿದ್ದರು. ಇಳಿಸಿದ್ದು ಪಥ್ಯ, ಮಾತ್ರೆಯಲ್ಲ. ಸಾರಿನಲ್ಲಿ ಕುದಿಸಿದ ಎರಡು ಉಪ್ಪಾಗೆ ಸಿಪ್ಪೆಗೆ ಹೆದರಬೇಕಿಲ್ಲ. ಆದರೆ ಸಾಂದ್ರ ಸಾರವಾಗಿ ದಿನವೂ ನುಂಗಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಗ್ರೀನ್ ಟೀ ಸಾರದ ಕಥೆಯೂ ಹಾಗೇ. ಲೋಟದಲ್ಲಿ ಕುಡಿದರೆ ಚಹಾ. ಅದರ ಮುಖ್ಯ ಅಂಶವನ್ನು ಮಾತ್ರೆಯಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ನುಂಗಿದರೆ ಲಿವರ್ ಹಾನಿಯ ಲಕ್ಷಣ ಕಾಣಿಸಿಕೊಳ್ಳಬಹುದೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಗಿಡದಿಂದ ಬಂದದ್ದೆಲ್ಲ ಸಾಧು ಎಂದರೆ ಉಮ್ಮತ್ತಿಯೂ ಗಿಡವೇ ಎಂಬುದನ್ನು ದುರ್ಗದ ಬಯಲಲ್ಲಿ ಕುರಿ ಕಾಯುವ ಹುಡುಗನೂ ಹೇಳಿಯಾನು.

ಹಾಗಾದರೆ ನಿಜವಾಗಿ ಕೆಲಸ ಮಾಡುವ ಮಾತ್ರೆ ಇಲ್ಲವೇ? ಇದೆ. ಓರ್ಲಿಸ್ಟಾಟ್. ಅಮೆರಿಕದಲ್ಲಿ 2007ರಿಂದ ಇದರ 60 ಮಿಲಿಗ್ರಾಂ ಗುಳಿಗೆಯನ್ನು ಚೀಟಿ ಇಲ್ಲದೆ ಮಾರಲು ಬಿಟ್ಟಿದ್ದಾರೆ. ನಮ್ಮಲ್ಲಿ ಸ್ಟ್ರಿಪ್ಪಿನ ಮೇಲೆ ಆರ್‌ಎಕ್ಸ್ ಗುರುತು ಇರುತ್ತದೆ, ಅಂದರೆ ಚೀಟಿ ಬೇಕು. ಇದರ ಕೆಲಸ ಒಂದೇ: ಊಟದಲ್ಲಿರುವ ಜಿಡ್ಡಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಕರುಳು ಹೀರದಂತೆ ತಡೆಯುವುದು. ಹೀರದೆ ಉಳಿದ ಎಣ್ಣೆ ಎಲ್ಲಿಗೆ ಹೋಗಬೇಕು? ಕೆಳಗೇ ಹೋಗಬೇಕು. ಮಾತ್ರೆ ನುಂಗಿ ಸಂಜೆ ಎರಡು ಮಿರ್ಚಿ, ಒಂದು ತಟ್ಟೆ ಮಂಡಕ್ಕಿ ತಿಂದವರು ಮರುದಿನ ಬಟ್ಟೆಗೆ ಎಣ್ಣೆ ಅಂಟಿ, ತಡೆಯಲಾಗದೆ ಶೌಚಾಲಯಕ್ಕೆ ಓಡಿ, ನಾಚಿಕೆಯಿಂದ ಯಾರಿಗೂ ಹೇಳದೆ ಕೂರುತ್ತಾರೆ. ಇನ್ನೊಂದು ಕಡೆ, ಮುದ್ದೆ, ಅನ್ನ, ಬೆಲ್ಲ, ಸಕ್ಕರೆ ಹಾಕಿದ ಟೀ, ಇವುಗಳ ಮೇಲೆ ಈ ಮಾತ್ರೆಗೆ ಯಾವ ಅಧಿಕಾರವೂ ಇಲ್ಲ. ನಮ್ಮ ಸೀಮೆಯ ತಟ್ಟೆಯಲ್ಲಿ ಹೆಚ್ಚಿನ ಪಾಲು ಹಿಟ್ಟಿನದು. ಅದಕ್ಕೆ ಎಣ್ಣೆ ಹಿಡಿಯುವ ಮಾತ್ರೆ ಏನು ಮಾಡೀತು?

ಇನ್ನು ಲಾಭದ ಲೆಕ್ಕ. ಸ್ವೀಡನ್ನಿನಲ್ಲಿ 3,305 ಜನರ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ, ಪಥ್ಯ ಮತ್ತು ವ್ಯಾಯಾಮದ ಜೊತೆ 120 ಮಿಲಿಗ್ರಾಂ ಓರ್ಲಿಸ್ಟಾಟ್ ದಿನಕ್ಕೆ ಮೂರು ಸಲ ತೆಗೆದುಕೊಂಡವರು 5.8 ಕಿಲೋ ಇಳಿದರು, ಹುಸಿ ಮಾತ್ರೆಯವರು 3 ಕಿಲೋ ಇಳಿದರು. ನಾಲ್ಕು ವರ್ಷಕ್ಕೆ 4,380 ಕ್ಯಾಪ್ಸೂಲು, ಮಾತ್ರೆಯ ಪಾಲಿಗೆ ಬಂದದ್ದು 2.8 ಕಿಲೋ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಅಷ್ಟರಿಂದಲೂ ಉಪಯೋಗವಾಯಿತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಅದು ವೈದ್ಯರ ಕಣ್ಣಿನಡಿ ನಡೆದ ಚಿಕಿತ್ಸೆ. ಈ ಔಷಧಿ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಎಣ್ಣೆಯ ಜೊತೆ ಹೊರಹಾಕುತ್ತದೆ, ಥೈರಾಯ್ಡ್ ಮಾತ್ರೆಯ ಹೀರುವಿಕೆಗೆ ಅಡ್ಡಿ ಮಾಡುತ್ತದೆ, ರಕ್ತ ತೆಳುಮಾಡುವ ವಾರ್ಫರಿನ್‌ನ ಲೆಕ್ಕ ಕೆಡಿಸುತ್ತದೆ. ಅಪರೂಪಕ್ಕೆ ಲಿವರ್‌ಗೆ ಗಂಭೀರ ಹಾನಿ ಆಗಬಹುದೆಂದು ಅಮೆರಿಕದ ಔಷಧ ಆಡಳಿತ 2010ರಲ್ಲಿ ಡಬ್ಬಿಯ ಮೇಲೇ ಬರೆಸಿತು. ಥೈರಾಯ್ಡ್‌ನಿಂದಲೇ ದಪ್ಪಗಾದ ಹೆಣ್ಣುಮಗಳು ತೂಕ ಇಳಿಯಲೆಂದು ಇದನ್ನು ತಾನೇ ಕೊಂಡು ನುಂಗಿದರೆ ಥೈರಾಯ್ಡ್ ಮದ್ದೇ ನಿಷ್ಫಲವಾಗಬಹುದು. ಒಲೆ ಆರಿಸಿ ಅನ್ನ ಬೇಯಲಿಲ್ಲ ಎಂದ ಹಾಗೆ.

ಇಷ್ಟು ಕೆಲಸ ಮಾಡದ ಮಾತ್ರೆಗಳ, ಅಷ್ಟಿಷ್ಟು ಕೆಲಸ ಮಾಡುವ ಮಾತ್ರೆಯ ವಿಚಾರ. ಭಯ ಪಡಬೇಕಾದ್ದು ಮೂರನೆಯ ಬಗೆಗೆ, ಜೋರಾಗಿ ಕೆಲಸ ಮಾಡುವ ‘ಗಿಡಮೂಲಿಕೆ’ಗೆ.

ದುರ್ಗದ ಕೋಟೆ ಹತ್ತಿದವರೆಲ್ಲ ಮದ್ದು ಬೀಸುವ ಕಲ್ಲುಗಳನ್ನು ನೋಡಿದ್ದಾರೆ. ಆ ಭಾರಿ ಬೀಸುಗಲ್ಲುಗಳು ಬೀಸುತ್ತಿದ್ದುದು ಫಿರಂಗಿಯ ಮದ್ದನ್ನು. ಕನ್ನಡದಲ್ಲಿ ಮದ್ದು ಎಂದರೆ ಔಷಧಿಯೂ ಹೌದು, ಸಿಡಿಯುವ ಪುಡಿಯೂ ಹೌದು. ತೂಕ ಇಳಿಸುವ ಮಾತ್ರೆಯ ಚರಿತ್ರೆಯಲ್ಲಿ ಈ ಎರಡು ಅರ್ಥಗಳು ಅಕ್ಷರಶಃ ಒಂದಾಗಿವೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ಹಳದಿ ಪುಡಿ ಬಳಸುತ್ತಿದ್ದ ಕೆಲಸಗಾರರು ಸೊರಗಿದರು, ಬೆವರಿದರು, ಜ್ವರ ಏರಿ ಕೆಲವರು ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದನ್ನೇ ತೂಕ ಇಳಿಸುವ ಔಷಧಿ ಎಂದು ಮುಂದಿಟ್ಟರು. ಜನ ಚೀಟಿ ಇಲ್ಲದೆ ಕೊಂಡು ನುಂಗಿದರು. ಹಲವರಿಗೆ ಕಣ್ಣಿಗೆ ಪೊರೆ ಬಂತು, ಕೆಲವರ ಮೈ ಒಳಗಿನಿಂದಲೇ ಬೆಂದಿತು. 1938ರಲ್ಲಿ ಅದರ ಬಳಕೆ ನಿಂತಿತು. ನಿಂತಿತೇ? 2015ರಲ್ಲಿ ಇಂಗ್ಲೆಂಡಿನ 21 ವರ್ಷದ ವಿದ್ಯಾರ್ಥಿನಿಯೊಬ್ಬಳು ಅದೇ ಪುಡಿಯ ಮಾತ್ರೆಯನ್ನು ಅಂತರ್ಜಾಲದಲ್ಲಿ ತರಿಸಿ ನುಂಗಿ ಸತ್ತಳು. ಅದಕ್ಕೆ ಪ್ರತಿವಿಷ ಇಲ್ಲ.

ನಮ್ಮ ದೇಶದ ಪಟ್ಟಿಯೂ ಸಣ್ಣದಲ್ಲ. ಹೃದಯದ ಕವಾಟ ಕೆಡಿಸಿದ ಫೆನ್‌ಫ್ಲೂರಮಿನ್ ಅಮೆರಿಕದಲ್ಲಿ 1997ರಲ್ಲಿ ಮಾರುಕಟ್ಟೆ ಬಿಟ್ಟಿತು, ಇಲ್ಲೂ ನಿಷೇಧವಾಯಿತು. ಮನಸ್ಸು ಕದಡಿದ ರಿಮೊನಬಂಟ್ ಯುರೋಪಿನಲ್ಲಿ 2008ರಲ್ಲಿ, ಇಲ್ಲಿ 2009ರಲ್ಲಿ ಹೋಯಿತು. ಸಿಬುಟ್ರಮಿನ್ ಅನ್ನು 10,744 ಮಂದಿಯ ಮೇಲೆ ಪರೀಕ್ಷಿಸಿದಾಗ, ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಕ್ಕೆ ತುತ್ತಾದವರು ಮಾತ್ರೆಯ ಗುಂಪಿನಲ್ಲಿ ಶೇ 11.4, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 10. ಭಾರತ 2011ರ ಫೆಬ್ರುವರಿಯಲ್ಲಿ ಅದನ್ನು ನಿಷೇಧಿಸಿತು. ಸತ್ತ ಔಷಧಿಗಳು ಆಮೇಲೆ ಎಲ್ಲಿ ಹೋದವು? ಗಿಡಮೂಲಿಕೆಯ ಡಬ್ಬಿಯೊಳಗೆ. ಅಮೆರಿಕದ ಔಷಧ ಆಡಳಿತ 2007ರಿಂದ 2016ರವರೆಗೆ ಹಿಡಿದ 776 ಕಲಬೆರಕೆ ಪೂರಕಗಳಲ್ಲಿ 317 ತೂಕ ಇಳಿಸುವಂಥವು. ಅವುಗಳಲ್ಲಿ ಶೇ 85ರಷ್ಟರಲ್ಲಿ ಇದ್ದದ್ದು ಸಿಬುಟ್ರಮಿನ್. ಡಬ್ಬಿಯ ಮೇಲೆ ಎಲೆಯ ಚಿತ್ರ, ಡಬ್ಬಿಯ ಒಳಗೆ ನಿಷೇಧವಾದ ರಾಸಾಯನಿಕ. ಬಿಪಿ ಇರುವವರು ಅದನ್ನು ಗಿಡಮೂಲಿಕೆ ಎಂದು ನಂಬಿ ನುಂಗಿದರೆ, ಎದೆ ಹಿಡಿದುಕೊಂಡ ರಾತ್ರಿ ಆಸ್ಪತ್ರೆಯ ವೈದ್ಯರಿಗೆ ಏನೆಂದು ಹೇಳಬೇಕು? ‘ಏನೂ ತಗೊಂಡಿಲ್ಲ ಸಾರ್, ಬರೀ ಆಯುರ್ವೇದಿಕ್’ ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ, ಅವರಿಗೆ ಹೇಳಿದ್ದೇ ಸುಳ್ಳು.

ಇನ್ನು ಸೋನಾಮುಖಿ ಬೆರೆಸಿದ ‘ಸ್ಲಿಮ್ಮಿಂಗ್ ಟೀ’, ಮೂತ್ರ ಹೆಚ್ಚಿಸುವ ಮಾತ್ರೆ. ಭೇದಿಯಾಗಿ, ಮೂತ್ರವಾಗಿ ಎರಡು ಕಿಲೋ ಇಳಿಯುವುದು ನಿಜ. ಇಳಿದದ್ದು ಕೊಬ್ಬಲ್ಲ, ನೀರು. ಎರಡು ಚೊಂಬು ನೀರು ಕುಡಿದರೆ ತಕ್ಕಡಿ ಮತ್ತೆ ಹಳೆಯ ಜಾಗಕ್ಕೆ ಬರುತ್ತದೆ. ನೀರಿನ ಜೊತೆ ಹೋದ ಪೊಟ್ಯಾಶಿಯಂ ಅಷ್ಟು ಸುಲಭಕ್ಕೆ ಮರಳುವುದಿಲ್ಲ, ಅದು ತಗ್ಗಿದರೆ ಎದೆಬಡಿತದ ಲಯವೇ ತಪ್ಪುತ್ತದೆ.

ಈಗ ಬಂದಿರುವ ಚುಚ್ಚುಮದ್ದುಗಳ ಬಗ್ಗೆಯೂ ಒಂದು ಮಾತು ಅಗತ್ಯ. ಸೆಮಾಗ್ಲುಟೈಡ್ ಬಳಸಿದವರು 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದದ್ದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಬೀತಾಗಿದೆ. ನಿಲ್ಲಿಸಿದ ವರ್ಷದೊಳಗೆ ಮೂರನೇ ಎರಡು ಭಾಗ ಮರಳಿ ಏರಿದ್ದೂ ಸಾಬೀತಾಗಿದೆ. 2025ರಲ್ಲಿ ಇಂಥ ಎರಡು ವಿದೇಶಿ ಬ್ರ್ಯಾಂಡ್‌ಗಳು ಭಾರತಕ್ಕೆ ಬಂದವು. ವಾಂತಿ, ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ, ಇವೆಲ್ಲ ಇರುವುದರಿಂದಲೇ ಇದು ತಜ್ಞ ವೈದ್ಯರ ಕೈಯಲ್ಲಿರಬೇಕಾದ ಔಷಧಿ. ಕೆಲಸ ಮಾಡುವ ಔಷಧಿಗೆ ಚೀಟಿ ಬೇಕು ಎಂಬ ನಮ್ಮ ಮೊದಲ ಸಾಲಿಗೆ ಇದೇ ಸಾಕ್ಷಿ. ಬೆಲೆ ಇಳಿದಂತೆ ಇದೂ ಕಳ್ಳದಾರಿಯಲ್ಲಿ ತಾಲ್ಲೂಕು ಕೇಂದ್ರಗಳಿಗೆ ಇಳಿಯುತ್ತದೆ. ಆಗ ಎಚ್ಚರಾದರೆ ತಡವಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಮಾತ್ರೆ ಹೇಗೆ ಬರುತ್ತದೆ? ಓಬವ್ವನ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಏಳು ಸುತ್ತಿನ ಕೋಟೆ ಎಷ್ಟು ಗಟ್ಟಿ ಇದ್ದರೇನು, ಹಗೆ ನುಗ್ಗಲು ಒಂದು ಕಿಂಡಿ ಸಾಕು. ನಮ್ಮ ಕಾನೂನಿನ ಕೋಟೆಯಲ್ಲಿ ಮೂರು ಕಿಂಡಿಗಳಿವೆ.

ಮೊದಲನೆಯದು ಆಹಾರ ಎಂಬ ಹಣೆಪಟ್ಟಿ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯ ಅನುಸೂಚಿಯಲ್ಲಿ ಬೊಜ್ಜಿನ ಹೆಸರೂ ಇದೆ. ಬೊಜ್ಜು ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಟ್ಟರೆ ಮೊದಲ ಸಲ ಆರು ತಿಂಗಳವರೆಗೆ, ಮರುಸಲ ವರ್ಷದವರೆಗೆ ಜೈಲು. ಆದರೆ ಸರಕು ಔಷಧಿಯಲ್ಲ, ಆಹಾರ ಎಂದು ಬರೆದುಬಿಟ್ಟರೆ ಆ ಕಾಯ್ದೆಯಿಂದ ನುಣುಚಿಕೊಳ್ಳಲು ವಾದ ಸಿಗುತ್ತದೆ. ಎರಡನೆಯದು ಆಯುರ್ವೇದದ ಹೆಸರು. ಆಯುರ್ವೇದ ಔಷಧಿ ತಯಾರಿಸಲು ಪರವಾನಗಿ ಬೇಕು, ಚಿಲ್ಲರೆ ಮಾರಲು ಬೇಕಿಲ್ಲ. ಹೀಗಾಗಿ ಕಿರಾಣಿ ಅಂಗಡಿಯಲ್ಲೂ ಇಟ್ಟು ಮಾರಬಹುದು. ಅತಿಸ್ಥೂಲರ ಚಿಕಿತ್ಸೆಯನ್ನು ಆಹಾರ, ಶ್ರಮ, ನಿದ್ದೆಗಳ ಸಹಿತ ಗಂಭೀರವಾಗಿ ಚರ್ಚಿಸಿದ ಚರಕ ಸಂಹಿತೆಯ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮೂರನೆಯದು ಫೋನು. ಆನ್‌ಲೈನ್ ಔಷಧ ಮಾರಾಟಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಕರಡು ನಿಯಮ ಪ್ರಕಟಿಸಿತು. ಅದು ಕರಡಾಗಿಯೇ ಹಳತಾಯಿತು.

ಕಿಂಡಿ ಇದೆ ಎಂಬುದು ಕಾವಲುಗಾರರಿಗೆ ನೆಪವಾಗಬಾರದು. ಆಹಾರ ಎಂದು ಮಾರಿದರೂ ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ ₹10 ಲಕ್ಷದವರೆಗೆ ದಂಡ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರಿಗೆ ಮಾತ್ರವಲ್ಲ, ಪ್ರಚಾರಕ್ಕೆ ಮುಖ ಕೊಟ್ಟ ತಾರೆಗೂ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. ಕಾನೂನು ಹಲ್ಲಿಲ್ಲದ್ದಲ್ಲ, ಬಾಯಿ ತೆರೆಯದ್ದು. ಔಷಧ ನಿಯಂತ್ರಣ ಸಡಿಲಾದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಪಕ್ಕದ ಬಳ್ಳಾರಿಯ ಬಾಣಂತಿಯರ ಸಾವು ತೋರಿಸಿತು. ಆಗ ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಲಾಯಿತು. ಹೆಣ ಬಿದ್ದ ಮೇಲೆ ಕಚೇರಿ ಕದಲುವ ಪದ್ಧತಿ ಇಲ್ಲಿಗೆ ಮುಗಿಯಬೇಕು.

ಆದ್ದರಿಂದ ನಮ್ಮ ಆಗ್ರಹಗಳು ಸ್ಪಷ್ಟ. ಜಿಲ್ಲಾಧಿಕಾರಿ ಔಷಧ, ಆಹಾರ, ಆಯುಷ್ ಮೂರೂ ಅಧಿಕಾರಿಗಳನ್ನು ಒಂದೇ ಮೇಜಿನ ಮುಂದೆ ಕೂರಿಸಲಿ. ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು ಅಂದಿಗೆ ಕೊನೆಯಾಗಲಿ. ನಾಲ್ಕೂ ಊರುಗಳಲ್ಲಿ ಮಾರುವ ಪ್ರತಿ ತೂಕ ಇಳಿಸುವ ಉತ್ಪನ್ನದ ಮಾದರಿ ಪ್ರಯೋಗಾಲಯಕ್ಕೆ ಹೋಗಲಿ. ಸಿಬುಟ್ರಮಿನ್, ಥೈರಾಯ್ಡ್ ಹಾರ್ಮೋನು, ಮೂತ್ರವರ್ಧಕ, ಭೇದಿ ಔಷಧಿಗಳಿಗಾಗಿ ಹುಡುಕಲಿ, ಫಲಿತಾಂಶ ಕನ್ನಡದಲ್ಲಿ ಪ್ರಕಟವಾಗಲಿ. ಔಷಧ ವ್ಯಾಪಾರಿಗಳ ಸಂಘ ಇವುಗಳನ್ನು ತಾನಾಗಿಯೇ ಅಂಗಡಿಯ ಮುಂದಿನ ಸಾಲಿನಿಂದ ಇಳಿಸಲಿ. ಗೋಡೆಗೆ ನೇತುಹಾಕಿದ ಫಾರ್ಮಸಿಸ್ಟ್ ಪ್ರಮಾಣಪತ್ರದ ಹಿಂದೆ ಒಬ್ಬ ಜೀವಂತ ಫಾರ್ಮಸಿಸ್ಟ್ ಕುಳಿತಿರಲಿ. 1948ರ ಫಾರ್ಮಸಿ ಕಾಯ್ದೆ ಕೇಳುವುದೂ ಅಷ್ಟನ್ನೇ.

ಕೊನೆಯ ಆಗ್ರಹ ನಮ್ಮದೇ ವೃತ್ತಿಗೆ. 1954ರ ಕಾಯ್ದೆ ಜಾಹೀರಾತಿನ ಪ್ರಕಟಣೆಯಲ್ಲಿ ಯಾವುದೇ ಪಾಲು ವಹಿಸುವುದನ್ನು ಅಪರಾಧ ಎನ್ನುತ್ತದೆ. ಮುಖಪುಟದಲ್ಲಿ ಆರೋಗ್ಯ ಅಂಕಣ, ಒಳಪುಟದಲ್ಲಿ ‘ಒಂದೇ ತಿಂಗಳಲ್ಲಿ ಹತ್ತು ಕಿಲೋ’ ಎಂಬ ವರ್ಗೀಕೃತ ಜಾಹೀರಾತು, ಇದು ಬೇಲಿಯೇ ಹೊಲ ಮೇಯುವ ಕೆಲಸ. ಮಧ್ಯಾಹ್ನ ಅರ್ಧ ಗಂಟೆ ಇಂಥ ಸರಕಿಗೆ ಪರದೆ ಮಾರಿಕೊಳ್ಳುವ ಟಿವಿ ವಾಹಿನಿಗಳಿಗೂ, ಈ ಜಾಹೀರಾತಿನ ದುಡ್ಡು ಎಣಿಸುವ ಪ್ರತಿ ಪತ್ರಿಕೆಗೂ ಈ ಮಾತು ಸಲ್ಲುತ್ತದೆ.

ಮಾತ್ರೆ ಕೊಂಡವರನ್ನು ಮಾತ್ರ ನಾವು ಜರೆಯುವುದಿಲ್ಲ. ಅವರಿಗೊಂದು ನ್ಯಾಯವಾದ ದೂರಿದೆ: ‘ಡಾಕ್ಟರ ಹತ್ರ ಹೋದ್ರೆ ಊಟ ಕಮ್ಮಿ ಮಾಡಿ, ವಾಕಿಂಗ್ ಮಾಡಿ ಅಂತಾರೆ, ಎರಡು ನಿಮಿಷಕ್ಕೆ ಹೊರಗೆ ಕಳಿಸ್ತಾರೆ.’ ಬೆಳಗಿನಿಂದ ಅಡಿಕೆ ಸುಲಿದು ಬೆನ್ನು ಬಗ್ಗಿಸಿದ ಹೊಳಲ್ಕೆರೆಯ ಹೆಣ್ಣುಮಗಳಿಗೆ ವಾಕಿಂಗ್ ಮಾಡಿ ಎಂದರೆ ಅದು ಸಲಹೆಯಲ್ಲ, ಅಪಹಾಸ್ಯ. ದಪ್ಪ ಎಂದರೆ ಸೋಮಾರಿತನ ಎಂಬುದೂ ಸುಳ್ಳು. ವಂಶ, ಹಾರ್ಮೋನು, ನಿದ್ದೆ, ತಿನ್ನುವ ಇತರ ಮಾತ್ರೆಗಳು ಎಲ್ಲವೂ ಅದರಲ್ಲಿವೆ. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ವಾರಕ್ಕೊಂದು ದಿನ ತೂಕದ ತಪಾಸಣೆ ನಡೆಯಲಿ. ಸೊಂಟ ಅಳೆದು, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿ, ತಟ್ಟೆಯಲ್ಲಿ ಏನಿದೆ ಎಂದು ಕೇಳಿ ಮಾತನಾಡಿಸುವವರು ಇರಲಿ. ನಮ್ಮವರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು. ಇದಕ್ಕೆ ಬೇಕಾದದ್ದು ದರ್ಜಿಯ ಟೇಪು, ಸಾವಿರಾರು ರೂಪಾಯಿಯ ಡಬ್ಬಿಯಲ್ಲ.

ಹಾದಿ ಅಷ್ಟು ದೂರವೂ ಇಲ್ಲ. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕದ ಶೇ 7ರಷ್ಟು ಇಳಿಸುವ ಗುರಿ ಇಟ್ಟು, ವಾರಕ್ಕೆ 150 ನಿಮಿಷ ನಡೆದವರಲ್ಲಿ ಸಕ್ಕರೆ ಕಾಯಿಲೆ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 31. ಎಪ್ಪತ್ತು ಕಿಲೋದವರಿಗೆ ಶೇ 7 ಎಂದರೆ ಐದು ಕಿಲೋದಷ್ಟು. ತಿಂಗಳಿಗೆ ಹತ್ತಲ್ಲ, ವರ್ಷಕ್ಕೆ ಐದು. ಇದು ನೀರಸವಾದ ಸತ್ಯ, ಇದಕ್ಕೆ ಜಾಹೀರಾತು ಸಿಗುವುದಿಲ್ಲ. ಹೊಸದುರ್ಗದ ಹೊಲದಲ್ಲಿ ಬೆಳೆಯುವ ಸಾವೆಯನ್ನೂ ಯಾವ ತಾರೆಯೂ ಹಿಡಿದು ನಗುವುದಿಲ್ಲ.

ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಇಂಥ ಡಬ್ಬಿ ಇದ್ದರೆ ಇವತ್ತೇ ಹೊರತೆಗೆದು ಬೆನ್ನಿನ ಸಣ್ಣ ಅಕ್ಷರ ಓದಿ. ಈಗಾಗಲೇ ನುಂಗುತ್ತಿದ್ದರೆ ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ, ಮುಚ್ಚಿಡಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಎದೆ ಡವಗುಟ್ಟಿದರೆ ಕಾಯಬೇಡಿ. ಮಾತ್ರೆಯಿಂದ ತೊಂದರೆಯಾದರೆ 1800-180-3024ಕ್ಕೆ, ಮೋಸ ಹೋದರೆ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ. ಕೊಂಡ ಸರಕನ್ನು ಶುಲ್ಕ ಕಟ್ಟಿ ಪರೀಕ್ಷೆಗೆ ಒಪ್ಪಿಸುವ ಹಕ್ಕು ಗ್ರಾಹಕರಿಗೂ ಇದೆ, ಅಧಿಕಾರಿಗಳು ಬರಲಿ ಎಂದು ಕಾಯಬೇಕಿಲ್ಲ. ಓಬವ್ವನೂ ಅಪ್ಪಣೆಗಾಗಿ ಕಾಯಲಿಲ್ಲ, ಕೈಗೆ ಸಿಕ್ಕ ಒನಕೆ ಹಿಡಿದು ಕಿಂಡಿಯ ಬಳಿ ನಿಂತಳು.